ಅಮೆರಿಕದ ಒಂದು ಸೆಂಟಿನ ಪೆನ್ನಿಯಲ್ಲಿ ಅಂಕಿ ಎರಡೆರಡು ಕಾಣುತ್ತಿದೆ, ಇದು ಮಿಂಟ್ ಎರರ್ (ಟಂಕಸಾಲೆಯಲ್ಲೇ ಆದ ತಪ್ಪು) ಹೌದಾ?

ಚಿಲ್ಲರೆ_ಜಾಡಿ:
ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಅಪ್ಪ ದಾವಣಗೆರೆಯಿಂದ ಆರು ತಿಂಗಳಿಗೆ ಅಂತ ಬಂದಿದ್ದಾರೆ. ಹೊತ್ತು ಹೋಗದೆ, ಹಳೇ ಉಪ್ಪಿನಕಾಯಿ ಜಾಡಿಯಲ್ಲಿ ನಾವು ತುಂಬಿಟ್ಟಿದ್ದ ಪೆನ್ನಿಗಳನ್ನೆಲ್ಲ ಪೇಪರ್ ಮೇಲೆ ಸುರಿದುಕೊಂಡು ಇಸವಿ ಪ್ರಕಾರ ಜೋಡಿಸುತ್ತಾ ಕೂತಿದ್ದಾರೆ. ಯಾವುದೋ ವಿಡಿಯೋದಲ್ಲಿ 1982ರ ಪೆನ್ನಿಗೆ ಲಕ್ಷಗಟ್ಟಲೆ ಸಿಗುತ್ತದೆ ಅಂದರಂತೆ, ಆಮೇಲೆ ಊಟಕ್ಕೆ ಕರೆದರೂ ಏಳುತ್ತಿಲ್ಲ! ಮೂರು ತೆಗೆದಿಟ್ಟಿದ್ದಾರೆ. ಒಂದು 1982, ಇಸವಿ ಕೆಳಗೆ ಅಕ್ಷರ ಇಲ್ಲ. ಇನ್ನೊಂದು 1998, ಅಂಕಿಗಳ ಪಕ್ಕದಲ್ಲೇ ನೆರಳಿನ ಹಾಗೆ ಇನ್ನೊಂದು ಅಂಕಿ. ಮೂರನೆಯದು 1943, ಬೆಳ್ಳಿ ಬಣ್ಣ. ಏನಾದ್ರೂ ಬೆಲೆ ಇದೆಯಾ?

ಗೋಧಿತೆನೆ:
1943 ಮೊದಲು ಹೇಳಿಬಿಡುತ್ತೇನೆ. ಯುದ್ಧಕ್ಕೆ ತಾಮ್ರ ಬೇಕಾಗಿತ್ತು ಅಂತ ಆ ವರ್ಷ ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿದರು, ನೂರು ಕೋಟಿಗೂ ಜಾಸ್ತಿ. ಹಾಗಾಗಿ ಬೆಳ್ಳಿ ಬಣ್ಣದ್ದೇ ಮಾಮೂಲಿ. ಅದೇ ಇಸವಿಯ ತಾಮ್ರದ್ದು ಸಿಕ್ಕರೆ ಮಾತ್ರ ಎದ್ದು ನಿಲ್ಲಿ, ಆದರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕಿನ ಮೇಲೆ ಯಾರೋ ತಾಮ್ರ ಬಳಿದಿದ್ದಾರೆ ಅಂತ.

1982ಕ್ಕೆ ತಕ್ಕಡಿ ಬೇಕು. ಆ ವರ್ಷದ ನಡುವೆ ತಾಮ್ರದಿಂದ ಸತುವಿಗೆ ಬದಲಾಯಿಸಿದರು. ತಾಮ್ರದ್ದು 3.1 ಗ್ರಾಂ, ಸತುವಿನದು 2.5. ಅಡುಗೆಮನೆ ತಕ್ಕಡಿಗೆ ಈ ವ್ಯತ್ಯಾಸ ತಿಳಿಯಲ್ಲ, ಪಾಯಿಂಟ್ ಲೆಕ್ಕ ತೋರಿಸುವ ಚಿಕ್ಕ ತಕ್ಕಡಿ ತಗೊಳ್ಳಿ. ಇಸವಿಯಲ್ಲೂ ಎರಡು ತರ ಇದೆ: ದೊಡ್ಡ ಡೇಟಿನಲ್ಲಿ 2ರ ಬೆನ್ನು ನೇರ, ಚಿಕ್ಕ ಡೇಟಿನಲ್ಲಿ ಬಳುಕಿರುತ್ತದೆ. ಎಲ್ಲರೂ ಹುಡುಕುವುದು ಕೆಳಗೆ ‘ಡಿ’ ಇರುವ, ಅಂದ್ರೆ ಡೆನ್ವರ್‌ನಲ್ಲಿ ಮಾಡಿದ, ಚಿಕ್ಕ ಡೇಟಿನ ತಾಮ್ರದ ಪೆನ್ನಿ. ನಿಮ್ಮದರಲ್ಲಿ ಅಕ್ಷರವೇ ಇಲ್ಲ, ಹೇಗೆ ತೂಗಿದರೂ ಮಾಮೂಲಿಯೇ. ಸಾರಿ.

ಭೂತಗನ್ನಡಿ:
1998ರ ವಿಷಯ. ಹತ್ತುಪಟ್ಟು ದೊಡ್ಡದು ತೋರಿಸುವ ಲೂಪ್ ಹಿಡಿದು ನೋಡಿ. ಆ ನೆರಳು ಮೆಟ್ಟಿಲ ಹಾಗೆ ಚಪ್ಪಟೆಯಾಗಿ ತಗ್ಗಿನಲ್ಲಿದೆಯಾ, ಮೂಲ ಅಂಕಿ ಸವೆದು ಸಣ್ಣಗಾಗಿದೆಯಾ? ಹಾಗಿದ್ದರೆ ಅದು ಮೆಷಿನ್ ಡಬ್ಲಿಂಗ್. ಅಚ್ಚು ಸಡಿಲವಾಗಿ, ಒತ್ತಿದ ಕೂಡಲೇ ಸ್ವಲ್ಪ ಜರುಗಿದ್ದು, ಅಷ್ಟೇ. ಬೆಲೆ ಇಲ್ಲ. ಅಸಲಿ ಡಬಲ್ಡ್ ಡೈನಲ್ಲಿ ಅಚ್ಚಿನೊಳಗೇ ಚಿತ್ರ ಎರಡು ಸಲ ಕೂತಿರುತ್ತದೆ, ಹಾಗಾಗಿ ಎರಡನೇ ಅಂಕಿಯೂ ಮೊದಲಿನದರಷ್ಟೇ ಉಬ್ಬಿ, ತುದಿಗಳು ಸೀಳಿದ ಹಾಗೆ ಕಾಣುತ್ತವೆ. 1955ರ ಡಬಲ್ಡ್ ಡೈ ಪೆನ್ನಿಯ ಫೋಟೋ ನೋಡಿ, ಲೂಪೇ ಬೇಡ, ಕಣ್ಣು ಮಂಜಾಗಿದೆಯೇನೋ ಅನ್ನಿಸುತ್ತದೆ.

ಬಿಸಾಡುವ ಮುಂಚೆ ಅದನ್ನೇ ತಿರುಗಿಸಿ ನೋಡಿ. ಹಿಂದೆ AMERICAದ A, M ಕಾಲುಗಳು ತಾಗಿದ ಹಾಗಿದ್ದರೆ ಮಾಮೂಲಿ. ನಡುವೆ ಸ್ಪಷ್ಟವಾದ ಸಂದು ಇದ್ದರೆ ‘ವೈಡ್ ಎಎಂ’. 1998, 1999, 2000ರಲ್ಲಿ ಪ್ರೂಫ್ ನಾಣ್ಯದ (ಸಂಗ್ರಹಿಸುವವರಿಗೆ ಅಂತಲೇ ಮಾಡುವ ನಾಣ್ಯ) ಅಚ್ಚು ತಪ್ಪಿ ಚಲಾವಣೆಯ ಪೆನ್ನಿಗೆ ಬಿದ್ದಿದೆ. ಎಲ್ಲರೂ ಇಸವಿಯನ್ನೇ ದಿಟ್ಟಿಸುತ್ತಾ ಇದನ್ನು ಬಿಟ್ಟುಬಿಡುತ್ತಾರೆ. ಮತ್ತೆ ಸತುವಿನ ಪೆನ್ನಿ ಮೇಲಿನ ಗುಳ್ಳೆಗಳನ್ನು ಎರರ್ ಅಂದುಕೊಳ್ಳಬೇಡಿ, ತೆಳ್ಳಗಿನ ತಾಮ್ರದ ಲೇಪದಡಿ ಗಾಳಿ ಸೇರಿರುತ್ತದೆ.

ಚಿಲ್ಲರೆ_ಜಾಡಿ:
ತುಂಬಾ ಥ್ಯಾಂಕ್ಸ್. ಒಂದು ಸಮಸ್ಯೆ. ಸರಿಯಾಗಿ ಕಾಣಲಿ ಅಂತ ಅಪ್ಪ ಇವತ್ತು ಇಪ್ಪತ್ತು ಪೆನ್ನಿಗೆ ಹುಣಸೆಹಣ್ಣು ಹಾಕಿ, ದೇವರ ಮನೆ ಚೊಂಬಿನ ಹಾಗೆ ಫಳಫಳ ಉಜ್ಜಿಟ್ಟಿದ್ದಾರೆ.

ಗೋಧಿತೆನೆ:
ಅಯ್ಯೋ! ಈಗಲೇ ಹುಣಸೆಹಣ್ಣು ಬಚ್ಚಿಡಿ. ಉಜ್ಜಿದ ನಾಣ್ಯ ಲೂಪಿನಡಿ ಗೆರೆಗೆರೆಯಾಗಿ ಕಾಣುತ್ತದೆ, ಸಂಗ್ರಹಿಸುವವರು ಮುಖ ತಿರುಗಿಸುತ್ತಾರೆ. ಶುರುವಿನಲ್ಲಿ ನಾನೂ ಒಂದು 1909ರದ್ದನ್ನು ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕಿದ್ದೆ. ಈಗದು ಗುಲಾಬಿ ಬಣ್ಣಕ್ಕೆ ತಿರುಗಿ ಡ್ರಾಯರಿನಲ್ಲಿ ಕೂತಿದೆ. ಮಣ್ಣು ಮೆತ್ತಿದ್ದರೂ ಹಾಗೇ ಬಿಡಿ.

ಚಿಲ್ಲರೆ_ಜಾಡಿ:
ಅಪ್ಪನಿಗೆ ಓದಿ ಹೇಳಿದೆ. 1982ರದ್ದು 3.1 ಗ್ರಾಂ, ಮಾಮೂಲಿ ತಾಮ್ರ. 1998ರ ನೆರಳು ಚಪ್ಪಟೆ, ಹಿಂದೆ A, M ಅಂಟಿಕೊಂಡೇ ಇವೆ. ಪುಣ್ಯಕ್ಕೆ 1999, 2000ರ ಗುಡ್ಡೆಗೆ ಇನ್ನೂ ಹುಣಸೆಹಣ್ಣು ತಾಗಿಲ್ಲ, ಒಂದೊಂದೇ ತಿರುಗಿಸುತ್ತಿದ್ದಾರೆ. ನಾಳೆ ಬ್ಯಾಂಕಿನಿಂದ ಐವತ್ತರ ಎರಡು ರೋಲ್ ತಗೊಂಡು ಬಾ ಅಂತ ಹೇಳಿದ್ದಾರೆ.