ಲಿವರ್ ಕ್ಯಾನ್ಸರ್ ಆಪರೇಶನ್ ಆದ ಮ್ಯಾಲೆ ರಕ್ತದ ಡಿಎನ್ಎ ಟೆಸ್ಟ್ ಮಾಡಿಸಿದವರು ಯಾರಾದ್ರೂ ಅದೀರೇನ್ರಿ?

ಕೇಳಿದವರು, ಸೇಡಂ:
ಅಪ್ಪಾಜಿಗಿ 61 ವರ್ಷ. ಲಿವರ್‌ದಾಗ 4 ಸೆಂಟಿಮೀಟರ್ ಗಡ್ಡಿ ಇತ್ತು, ಹೈದರಾಬಾದ್‌ದಾಗ ತೆಗೆಸಿ ಇವತ್ತಿಗಿ 18 ದಿನ. ರಕ್ತದಾಗ ಗಡ್ಡಿ ಡಿಎನ್ಎ ನೋಡೋ ಟೆಸ್ಟ್ ಅದ, ಮಾಡಿಸಿದ್ರ ಮತ್ತ ಬರ್ತದೋ ಇಲ್ಲೋ, ಎಷ್ಟು ದಿನ ಇರ್ತಾರೋ ಎಲ್ಲಾ ಮುಂಚೇನೇ ತಿಳೀತದ ಅಂತ ಒಬ್ರು ಹೇಳ್ಯಾರ. ರೊಕ್ಕ ಭಾಳ ಅದ. ಅಪ್ಪಾಜಿ ಎಎಫ್‌ಪಿ (ಲಿವರ್ ಕ್ಯಾನ್ಸರ್ ಇದ್ದಾಗ ಹೆಚ್ಚಿನವರ ರಕ್ತದಾಗ ಏರೋ ಒಂದು ಪ್ರೋಟೀನ್) ಮೊದಲಿಂದನೂ ನಾರ್ಮಲ್ಲೇ. ನಿಮಗ ಉಪಯೋಗ ಆಗ್ಯದೇನ್ರಿ?

ಕಲಬುರಗಿಯಿಂದ:
ಅಣ್ಣಾರ, ನಮ್ಮಪ್ಪಂದೂ ಹಿಂಗೇ ಇತ್ತು, ಎರಡು ವರ್ಷ ಆಯ್ತು. ಗಡ್ಡಿ ಅಷ್ಟು ದೊಡ್ಡದಿದ್ರೂ ಎಎಫ್‌ಪಿ ಬರೇ 6, ಸುಮಾರು ಮೂರು ಮಂದಿಯೊಳಗ ಒಬ್ಬರಿಗಿ ಅದು ಏರೋದೇ ಇಲ್ಲ ಅಂತ ಡಾಕ್ಟರ್ ಹೇಳಿದ್ರು. ಅಂಥವರಿಗಿ ಆಪರೇಶನ್ ಆದ ಮ್ಯಾಲೆ ನೋಡ್ಕೋತ ಇರಾಕ ಸ್ಕ್ಯಾನೇ ಮುಖ್ಯ ಆಸರ, ಅದಕ್ಕೇ ನಾವು ಈ ಟೆಸ್ಟಿನ ಹಿಂದ ಬಿದ್ದಿದ್ದು.

18 ದಿನಕ್ಕ ಮಾತ್ರ ರಕ್ತ ಕೊಡಬ್ಯಾಡ್ರಿ. ಗಡ್ಡಿ ಸೆಲ್ ಸತ್ತಾಗ ಅದರ ಡಿಎನ್ಎ ಚೂರು ರಕ್ತಕ್ಕ ಬೀಳ್ತಾವ, ಆ ಚೂರು ಒಂದೆರಡು ತಾಸಿನಾಗೇ ಅರ್ಧಕ್ಕರ್ಧ ಕರಗಿ ಹೋಗ್ತಾವಂತ, ಹಂಗಾಗಿ ಗಡ್ಡಿ ಪೂರ್ತಿ ತೆಗೆದು ತಿಂಗಳಾದ ಮ್ಯಾಲೂ ಅವು ಸಿಕ್ಕಾವ ಅಂದ್ರ ಎಲ್ಲೋ ಒಂದ್ಕಡಿ ಇನ್ನೂ ಉಳ್ದದ ಅಂತ ತಿಳೀಬೇಕು. ಆದ್ರ ಆಪರೇಶನ್ ಆದ ಹೊಸದ್ರಾಗ ಗಾಯ ಮಾಯೋ ಕಡಿಂದನೇ ರಾಶಿ ರಾಶಿ ಡಿಎನ್ಎ ಬರ್ತಿರ್ತದ, ಅದ್ರಾಗ ಗಡ್ಡಿದು ಇದ್ರೂ ಮುಚ್ಚಿ ಹೋಗ್ತದ. ನಮಗ 5 ವಾರ ಕಾಯಿಸಿದ್ರು.

ಮತ್ತ ನಮ್ದು ಮೊದಲ ಸ್ಯಾಂಪಲ್ ಕೆಟ್ಟೇ ಹೋಯ್ತು. ಶನಿವಾರ ಸಂಜೀಕ ಒಂದು ಕಲೆಕ್ಷನ್ ಸೆಂಟರ್‌ದಾಗ ದಿನದ ಹಂಗ ನೇರಳೆ ಮುಚ್ಚಳದ ಟ್ಯೂಬಿನಾಗ ರಕ್ತ ತಗೊಂಡು ಫ್ರಿಜ್‌ದಾಗ ಇಟ್ಟು ಸೋಮವಾರ ಕಳಿಸ್ಯಾರ, ಅಲ್ಲಿ ಹೋದ್ರ ಕೆಲಸಕ್ಕ ಬರಲ್ಲ ಅಂತ ವಾಪಸ್. ಅಪ್ಪನ ಕೈ ಮೊದಲೇ ಸಲೈನ್ ಸೂಜಿಗಿ ಕಪ್ಪಗಾಗಿತ್ತು, ಮತ್ತ ಚುಚ್ಚಾಕ ಹೋದಾಗ ಮಾರಿ ಆಕಡಿ ತಿರುಗಿಸ್ಕೊಂಡು ಕುಂತಿದ್ರು.

ರಿಪೋರ್ಟ್ "ನಾಟ್ ಡಿಟೆಕ್ಟೆಡ್" ಬಂತು. ಅವ್ವ ಆ ಹಾಳಿ ಒಯ್ದು ಶರಣಬಸಪ್ಪನ ಫೋಟೋ ಮುಂದ ಇಟ್ಟಳು. ಆದ್ರ ಅಲ್ಲೇ ನಾವು ತಪ್ಪಿದ್ದು ನೋಡ್ರಿ. ಆರಾಮ ಆಗ್ಯದ ಅಂತಾಯ್ತಲ್ಲ, ತೊಗರಿ ರಾಶಿ ಮುಗಿದ ಮ್ಯಾಲೆ ಹೋಗೋಣ ಅಂತ ಅಪ್ಪ ಸ್ಕ್ಯಾನ್ ಮುಂದ ಹಾಕಿದ್ರು, ನಾನೂ ಹೂಂ ಅಂದೆ. ನಮ್ಮ ಕಾಕಾ ಬೈದು ಗಾಡಿಗಿ ಹತ್ತಿಸಿದ್ರು. ಎಂಟನೇ ತಿಂಗಳ ಎಂಆರ್‌ಐದಾಗ ಒಂದೂವರೆ ಸೆಂಟಿಮೀಟರ್ ಗಡ್ಡಿ ಕಾಣ್ತು. ಸಣ್ಣದಿತ್ತು, ಸೂಜಿ ಹಾಕಿ ಸುಟ್ರು, ಈಗ ಅಪ್ಪ ಹೊಲಕ್ಕ ಹೋಗಿ ಬಂದು ಮಾಡ್ತಾರ. ಸಣ್ಣ ಗಡ್ಡಿ ರಕ್ತಕ್ಕ ಬಿಡೋ ಡಿಎನ್ಎ ಭಾಳ ಕಮ್ಮಿ, ಟೆಸ್ಟಿಗಿ ಸಿಗದೇ ಹೋಗಬಹುದು ಅಂತ ಆಮ್ಯಾಲೆ ತಿಳೀತು. ಟೆಸ್ಟ್ ಮಾಡಿಸ್ರಿ ಬಿಡ್ರಿ ಅದು ನಿಮ್ಮ ಅನುಕೂಲ, ಸ್ಕ್ಯಾನ್ ತಾರೀಖು ಮಾತ್ರ ಒಂದು ವಾರನೂ ಸರಿಸಬ್ಯಾಡ್ರಿ ಅಣ್ಣಾರ, ಕೈ ಮುಗಿದು ಹೇಳ್ತೀನಿ.

ಬೀದರ್‌ನಿಂದ:
ನಾ ಲ್ಯಾಬ್ ಟೆಕ್ನಿಷಿಯನ್. ಮ್ಯಾಲಿನ ಅಕ್ಕಾರು ಹೇಳಿದ್ದು ಖರೇ, ಈ ಟೆಸ್ಟಿಗಿ ಬ್ಯಾರೇನೇ ಟ್ಯೂಬ್ ಬರ್ತಾವ. ಸಾದಾ ಟ್ಯೂಬಿನಾಗ ತಗೊಂಡ್ರ ಕೆಲವೇ ತಾಸಿನಾಗ ಪ್ಲಾಸ್ಮಾ (ರಕ್ತದ ನೀರಿನ ಭಾಗ) ಬ್ಯಾರೆ ಮಾಡಬೇಕು, ಇಲ್ಲಂದ್ರ ಬಿಳಿ ರಕ್ತಕಣ ಒಡೆದು ಅವುಗಳ ಡಿಎನ್ಎನೇ ತುಂಬ್ಕೋತದ. ಸ್ಪೆಷಲ್ ಟ್ಯೂಬಿನಾಗ ಗೆರೆ ತನಕ ತುಂಬಿಸಿ, ಎಂಟ್ಹತ್ತು ಸಲ ಮೆಲ್ಲಕ ತಲಿಕೆಳಗ ಮಾಡಬೇಕು, ಜೋರಾಗಿ ಅಲುಗಾಡಿಸಬಾರದು, ಫ್ರಿಜ್ ಬ್ಯಾಡ. ಹಂಗಂತ ಬಿಸಿಲಿಗೂ ಬಿಡಬ್ಯಾಡ್ರಿ, ಮೇ ತಿಂಗಳದಾಗ ನಮ್ಮ ಕಡಿ 40 ದಾಟ್ತದ, ಗಾಡಿ ಡಿಕ್ಕಿದಾಗ ಇಟ್ರ ಮುಗೀತು.

ಟೆಸ್ಟ್‌ನಾಗೂ ಎರಡು ಮೂರು ತರ ಅದಾವ್ರಿ. ಒಂದು ಟಿಇಆರ್‌ಟಿ, ಟಿಪಿ53, ಸಿಟಿಎನ್‌ಎನ್‌ಬಿ1 ಅಂಥ ಜೀನ್‌ದಾಗ ಬದಲಾಗಿದ್ದು ಹುಡುಕ್ತದ, ಲಿವರ್ ಕ್ಯಾನ್ಸರ್‌ದಾಗ ಹೆಚ್ಚಿಗಿ ಕೆಡೋದು ಇವೇ. ಇನ್ನೊಂದು ಮಿಥೈಲೇಶನ್, ಅಂದ್ರ ಡಿಎನ್ಎ ಮ್ಯಾಲೆ ಅಲ್ಲಲ್ಲಿ ಅಂಟಿರೋ ಗುರ್ತು, ಆರಾಮ ಇರೋ ಲಿವರ್‌ದು ಬ್ಯಾರೆ, ಕ್ಯಾನ್ಸರ್ ಲಿವರ್‌ದು ಬ್ಯಾರೆ. 2017ರಾಗ ನೇಚರ್ ಮಟೀರಿಯಲ್ಸ್ ಅನ್ನೋ ಪತ್ರಿಕಿದಾಗ ಚೀನಾದ್ದು ದೊಡ್ಡ ಸ್ಟಡಿ ಬಂತು, 1098 ಲಿವರ್ ಕ್ಯಾನ್ಸರ್ ಪೇಶೆಂಟು, 835 ಆರಾಮ ಇದ್ದವರು, ಅದ್ರಾಗ 10 ಗುರ್ತು ಕ್ಯಾನ್ಸರ್ ಅದನೋ ಇಲ್ಲೋ ಹೇಳಾಕ, 8 ಗುರ್ತು ಮುಂದ ಹ್ಯಾಂಗ ಆಗ್ತದ ಅಂತ ಅಂದಾಜು ಮಾಡಾಕ. ಅಂದಾಜು ಅನ್ನೋದು ಗುಂಪಿಗಿ ರೀ, ನಿಮ್ಮ ಅಪ್ಪಾಜಿ ಒಬ್ಬರ ಹೆಸರಿಗಿ ತಾರೀಖು ಬರೆದು ಕೊಡಲ್ಲ. ಚೀನಾದಾಗ ಹೆಚ್ಚಿನವರಿಗಿ ಹೆಪಟೈಟಿಸ್ ಬಿ ಇಂದ ಬರ್ತದ, ನಮ್ಮಲ್ಲಿ ದಾರೂ, ಫ್ಯಾಟಿ ಲಿವರ್‌ನವರೂ ಭಾಳ ಮಂದಿ, ಅದನ್ನೂ ಲಕ್ಷ್ಯದಾಗ ಇಡಬೇಕು.

ಇನ್ನೊಂದು, ವಯಸ್ಸಾದವರ ಬಿಳಿ ರಕ್ತಕಣದಾಗೂ ಟಿಪಿ53 ಬದಲಾಗಿರಬಹುದು, ಅದು ಗಡ್ಡಿದಲ್ಲ. ಅದಕ್ಕ ಬಿಳಿಕಣನೂ ಜೋಡಿ ನೋಡ್ತೀರೇನು ಅಂತ ಕೇಳ್ರಿ. ಇಲ್ಲಾ ತೆಗೆದ ಗಡ್ಡಿಗಿ ಹೊಂದಿಸಿ ಮಾಡೋ ಟೆಸ್ಟ್ ಇದ್ರ ಆಪರೇಶನ್ ಮಾಡಿದ ಆಸ್ಪತ್ರಿ ಪ್ಯಾಥಾಲಜಿದಾಗ ಗಡ್ಡಿ ತುಂಡು ಕೂಡಿಸಿದ ಮೇಣದ ಬ್ಲಾಕ್ ಇಟ್ಟಿರ್ತಾರ, ಬೆರಳಿನಷ್ಟು ಪ್ಲಾಸ್ಟಿಕ್ ಡಬ್ಬಿ, ಮ್ಯಾಲೆ ನಂಬರ್ ಬರ್ದಿರ್ತಾರ. ಅರ್ಜಿ ಕೊಟ್ಟು ಇಸ್ಕೊಳ್ರಿ.

ಶಹಾಪುರದಿಂದ:
ನಮ್ಮ ಅವ್ವಗ ಮಾಡ್ಸಿದ್ವಿ, ಪಾಸಿಟಿವ್ ಬಂತು. ಸ್ಕ್ಯಾನ್ ಕ್ಲಿಯರ್ ಇತ್ತು. ಡಾಕ್ಟರ್ ಔಷಧ ಏನೂ ಹೊಸದು ಕೊಡಲಿಲ್ಲ, ಎಂಆರ್‌ಐ ಬ್ಯಾಗ ಬ್ಯಾಗ ಮಾಡೋಣ ಅಂದ್ರು ಅಷ್ಟೇ, ಮತ್ತ ಖರೇನೇ ಐದು ತಿಂಗಳಿಗಿ ಸಣ್ಣದು ಸಿಕ್ತು. ಆ ಐದು ತಿಂಗಳ ನಮ್ಮ ಮನ್ಯಾಗ ಯಾರ ಬಾಯಾಗೂ ಸರಿ ರೊಟ್ಟಿ ಇಳೀಲಿಲ್ಲ, ಅವ್ವಗ ಹೇಳಿದ್ದಿಲ್ಲ ಆದ್ರೂ ಅಕಿಗಿ ತಿಳಿದಿತ್ತು. ಹಿಂಗಾಗಿ ಮಾಡ್ಸೋಕಿಂತ ಮೊದಲೇ ಡಾಕ್ಟರ್‌ನ ಕೇಳ್ರಿ ತಮ್ಮಾ, ಪಾಸಿಟಿವ್ ಬಂದ್ರ ಏನ್ ಮಾಡ್ತೀರಿ, ನೆಗೆಟಿವ್ ಬಂದ್ರ ಏನ್ ಬಿಡ್ತೀರಿ ಅಂತ. ಎರಡಕ್ಕೂ ಒಂದೇ ಉತ್ತರ ಇದ್ರ ಆ ರೊಕ್ಕ ಎಂಆರ್‌ಐಗಿ ಇಡ್ರಿ.

ಎಷ್ಟು ದಿನ ಇರ್ತಾರ ಅಂತ ಕೇಳೀರಲ್ಲ, ನಾನೂ ಕೇಳಿದ್ದೆ. ಡಾಕ್ಟರ್ ಡಿಎನ್ಎ ಹಾಳಿ ಬಾಜೂಕ ಇಟ್ಟು ಬಿಲಿರುಬಿನ್, ಅಲ್ಬುಮಿನ್, ಐಎನ್ಆರ್ ನೋಡಿದ್ರು, ಹೊಟ್ಟಿ ಮುಟ್ಟಿ ನೀರು ಅದನೇನು ನೋಡಿದ್ರು, ಅವ್ವಗ ಮಬ್ಬು ಹಿಡೀತದೇನು ಅಂತ ಕೇಳಿದ್ರು. ಗಡ್ಡಿ ಒಂದೇ ಅಲ್ಲ, ಉಳಿದ ಲಿವರ್ ಎಷ್ಟು ಕೆಲಸ ಮಾಡ್ತದ ಅನ್ನೋದೂ ಅಷ್ಟೇ ದೊಡ್ಡ ಮಾತು ಅಂದ್ರು. ಅವ್ವಗ ಹೆಪಟೈಟಿಸ್ ಬಿ ಇತ್ತು, ಮಕ್ಕಳು ನಾವೂ ಎಲ್ಲಾ ಟೆಸ್ಟ್ ಮಾಡ್ಸಿದ್ವಿ, ತಮ್ಮಗ ಬಂದದ, ಗುಳಿಗಿ ನಡದದ. ನೀವು ಮಾಡ್ಸೀರೇನ್ರಿ?

ಆಳಂದದಿಂದ:
ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗಿ ವರ್ಷಕ್ಕ 5 ಲಕ್ಷದ ತನಕ ಅದ ರೀ. ನಮಗ ಈ ಡಿಎನ್ಎ ಟೆಸ್ಟ್ ಅದ್ರಾಗ ಹಿಡೀಲಿಲ್ಲ, ಕೈಯಿಂದ ಕೊಟ್ವಿ. ಕಲಬುರಗಿದಾಗ ಕಿದ್ವಾಯಿದವರ ಸೆಂಟರ್ ಅದ, ಒಂದ್ಸಲ ಅಲ್ಲೂ ಫೈಲ್ ತೋರಿಸ್ರಿ.

ಕೇಳಿದವರು, ಸೇಡಂ:
ಎಲ್ಲಾರಿಗೂ ಶರಣು. ಮುಂಜಾನಿ ಫೋನ್ ಮಾಡಿದ್ದೆ, ಬ್ಲಾಕ್ ಅದ, ನಂಬರ್ ಬರ್ಕೊಂಡೀನಿ. ರಕ್ತ 5 ವಾರ ಆದ ಮ್ಯಾಲೇನೇ ನೋಡೋಣ, ಡಾಕ್ಟರ್‌ಗಿ ಆ ಎರಡು ಪ್ರಶ್ನಿ ಕೇಳಿ. ಮೂರು ತಿಂಗಳಿನ ಎಂಆರ್‌ಐ ತಾರೀಖು ಕ್ಯಾಲೆಂಡರ್‌ದಾಗ ಕೆಂಪು ಪೆನ್ನಿನಿಂದ ಗುಂಡು ಸುತ್ತೀನಿ, ಅಪ್ಪಾಜಿ ನೋಡಿ ಅವತ್ತು ಅಮಾಸಿ ಅದಲ್ಲೋ ಅಂದ್ರು, ಇರ್ಲಿ ಹೋಗೋಣ ಅಂದೀನಿ. ನಂದೂ ನನ್ನ ತಮ್ಮಂದೂ ಹೆಪಟೈಟಿಸ್ ಬಿ ಟೆಸ್ಟ್ ಆಗಿಲ್ಲ ಅಕ್ಕಾರ, ನಾಳೆನೇ ಹೋಗ್ತೀವಿ.