ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ಮಿಂಟ್

ಚಿಕ್ಕಪ್ಪಾ, ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ. 4 ಜಿಬಿ ರ್‍ಯಾಮ್‌ನಲ್ಲಿ ವಿಂಡೋಸ್ 10 ತೆವಳುತ್ತಿದೆ, ವಿಂಡೋಸ್ ಥರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಬೇಕು, ಆದರೆ ಸೊಸೈಟಿ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಇಷ್ಟೇ ಅಲ್ವಾ? ಹಾಗಾದ್ರೆ ಅಂಗಡಿಯವನು ಹೇಳಿದ ಹಾಗೆ ಪೂರ್ತಿ ಫಾರ್ಮ್ಯಾಟ್ ಮಾಡಿಸಲೇಬೇಡಿ. ಟ್ಯಾಲಿಗೆ ವಿಂಡೋಸ್ ಬೇಕು, ಅದು ಇದ್ದಲ್ಲೇ ಇರಲಿ. ಪಕ್ಕದಲ್ಲಿ ಲಿನಕ್ಸ್‌ನ ಒಂದು ಹಗುರ ರೂಪ, ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕೋಣ. ಅದು 2 ಜಿಬಿಯಲ್ಲೂ ಓಡುತ್ತೆ, 4 ಇದ್ದರೆ ಆರಾಮ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ಬ್ಯಾಂಕ್ ಕೆಲಸವನ್ನೂ ಮಿಂಟ್‌ನಲ್ಲೇ ಮಾಡಿ.

ಮಿಂಟ್ ಹಾಕೋಕೆ 8 ಜಿಬಿ ಪೆನ್‌ಡ್ರೈವ್ ಒಂದು ಬೇಕು, ರೂಫಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಿಂಟ್ ಅನ್ನ ಅದಕ್ಕೆ ನಾನು ತುಂಬಿಕೊಡ್ತೀನಿ. ಅದರಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಗೃಹಪ್ರವೇಶದ ಫೋಟೋ ಇರೋದನ್ನ ಕೊಟ್ಟುಬಿಟ್ಟೀರಾ, ಚಿಕ್ಕಮ್ಮ ನನ್ನನ್ನ ಬಿಡಲ್ಲ! ಮೊದಲು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್ ನೋಡೋಣ.

ನೀವು ಈಗ ಮಾಡಬೇಕಾದ್ದು ಇದು. ಟ್ಯಾಲಿ ಬ್ಯಾಕಪ್ ಬೇರೆ ಕಡೆ ತೆಗೆದಿಡಿ. ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಹಾಳೆಯಲ್ಲಿ ಬರೆದಿಡಿ, ಇಲ್ಲಾಂದ್ರೆ ಆಮೇಲೆ ವಿಂಡೋಸೇ ನಿಮ್ಮನ್ನ ಒಳಗೆ ಬಿಡಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚೋದಿಲ್ಲ, ಅರೆನಿದ್ದೆಯಲ್ಲಿ ಸಿ ಡ್ರೈವ್ ಹಿಡ್ಕೊಂಡೇ ಇರುತ್ತೆ, ಮಿಂಟ್‌ನಿಂದ ಅದರಲ್ಲಿ ಏನೂ ಬರೆಯೋಕೆ ಆಗಲ್ಲ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್, 40 ಜಿಬಿ ಬಿಡಿಸಿ. ಖಾಲಿ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತೆ, ಹಾಗೇ ಬಿಡಿ, ಅದಕ್ಕೆ ಫಾರ್ಮ್ಯಾಟ್ ಕೊಡಬೇಡಿ.

ಹಾಕಿದ ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಮಿಂಟ್ ಲ್ಯಾಪ್‌ಟಾಪ್‌ನ ಒಳಗಿನ ಗಡಿಯಾರವನ್ನ ಗ್ರೀನಿಚ್ ಸಮಯಕ್ಕೆ ಇಡುತ್ತೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದ್ಕೊಳ್ಳುತ್ತೆ, ಒಂದು ಸಾಲಿನ ಕಮಾಂಡ್‌ನಲ್ಲಿ ಸರಿಹೋಗುತ್ತೆ. ಕನ್ನಡ ಟೈಪಿಂಗ್‌ಗೆ ಕಗಪ ಕೀಬೋರ್ಡ್ ಲೇಔಟ್ ಮಿಂಟ್‌ನಲ್ಲೇ ಇದೆ, ನುಡಿ ಸಾಫ್ಟ್‌ವೇರ್‌ಗೆ ಒಗ್ಗಿದ ಕೈಗೆ ಕಷ್ಟ ಆಗಲ್ಲ.

ಒಂದೇ ಅಪಾಯದ ಜಾಗ ಅಂದ್ರೆ, ಇನ್‌ಸ್ಟಾಲ್ ಮಾಡುವಾಗ 'ಅಲಾಂಗ್‌ಸೈಡ್' (ವಿಂಡೋಸ್ ಪಕ್ಕದಲ್ಲಿ) ಅಂತ ಒಂದು, 'ಇರೇಸ್ ಡಿಸ್ಕ್' (ಡಿಸ್ಕ್ ಅಳಿಸು) ಅಂತ ಇನ್ನೊಂದು ಆಯ್ಕೆ ಬರುತ್ತೆ. ನಮಗೆ ಬೇಕಾದ್ದು ಮೊದಲನೆಯದು. ಎರಡನೆಯದು ಒತ್ತಿದರೆ ಟ್ಯಾಲಿ ಸಮೇತ ಎಲ್ಲ ಹೋಗುತ್ತೆ. ಆ ಸ್ಕ್ರೀನ್ ಬಂದಾಗ ಫೋನಲ್ಲಿ ಫೋಟೋ ತೆಗೆದು ಇಲ್ಲೇ ಹಾಕಿ, ನಾನು ನೋಡಿ ಹೇಳಿದ ಮೇಲೆ ಮುಂದಕ್ಕೆ ಒತ್ತಿ.