ಫ್ರಾನ್ಸಿನಲ್ಲಿರುವ ಮನೆಯ ವಾರಸುದಾರಿಕೆ

ಪ್ರಶ್ನೆ:
ಸ್ವದೇಶದಲ್ಲೇ ನೆಲೆಸಿದ್ದ ನಮ್ಮ ತಂದೆಯವರು ಈಚೆಗೆ ತೀರಿಕೊಂಡರು. ಫ್ರಾನ್ಸಿನಲ್ಲಿ ಅವರ ಹೆಸರಿನಲ್ಲಿ ಒಂದು ಮನೆಯಿದೆ. ಇಲ್ಲಿ ಬರೆಸಿದ ಉಯಿಲು ಅಲ್ಲಿ ನಡೆಯುತ್ತದೆಯೇ, ಮೊದಲು ಯಾರನ್ನು ಕಾಣಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ಅಲ್ಲಿನ ನೋಟರಿಯವರನ್ನು ಸಂಪರ್ಕಿಸಿ. ಮನೆಯ ದಾಖಲೆಗೆ ವಾರಸುದಾರರ ಹೆಸರು ಸೇರಿಸುವ ಕೆಲಸ ಅವರ ಮೂಲಕವೇ ಆಗಬೇಕು. ಮರಣ ಪ್ರಮಾಣಪತ್ರದ ಅಧಿಕೃತ ಫ್ರೆಂಚ್ ಅನುವಾದವನ್ನೂ ಸಿದ್ಧವಾಗಿಡಿ.

ಉತ್ತರ 2:
ಗಡುವನ್ನು ಮಾತ್ರ ದಯವಿಟ್ಟು ಹಗುರವಾಗಿ ಕಾಣಬೇಡಿ. ಮರಣವು ಫ್ರಾನ್ಸಿನ ಹೊರಗೆ ಸಂಭವಿಸಿದ್ದರೆ ವಾರಸು ತೆರಿಗೆಯ ಘೋಷಣೆಯನ್ನು ಸಾಮಾನ್ಯವಾಗಿ 12 ತಿಂಗಳೊಳಗೆ ಸಲ್ಲಿಸಬೇಕು.

ಉತ್ತರ 3:
ಉಯಿಲಿನ ವಿಷಯ ಸೂಕ್ಷ್ಮವಾದದ್ದು. ಫ್ರೆಂಚ್ ಕಾನೂನು ಅನ್ವಯಿಸಿದರೆ, ಒಂದೇ ಮಗುವಿದ್ದಾಗ ಆಸ್ತಿಯ ಅರ್ಧ, ಇಬ್ಬರಿದ್ದಾಗ ಮೂರನೇ ಎರಡು ಭಾಗ ಮಕ್ಕಳಿಗೇ ಮೀಸಲು. ತಂದೆಯವರು ತಮ್ಮ ಪೌರತ್ವದ ದೇಶದ ಕಾನೂನೇ ಅನ್ವಯಿಸಬೇಕೆಂದು ಉಯಿಲಿನಲ್ಲಿ ಬರೆಸಿದ್ದಾರೆಯೇ? ಐರೋಪ್ಯ ಒಕ್ಕೂಟದ ನಿಯಮವು ಅಂಥ ಆಯ್ಕೆಗೆ ಅವಕಾಶ ಕೊಡುತ್ತದೆ.